ಮುಕ್ಕಾಲು ಇಂಚಿನ ಮೊಳೆ

ವಾಡಿ ಸ್ಟೇಷನ್ನಿನಿಂದ ಹೊರಬಿದ್ದು ಲಾಲಪ್ಪನ ಅಂಗಡಿ ಎಲ್ಲಿ ಎಂದು ಕೇಳಬೇಕಾಗಿಲ್ಲ. ಸ್ವಲ್ಪ ಕುಂಟಿಕೊಂಡು ನಡೆದರೆ ಸಾಕು, ಆಟೋದವರೇ ಕೈ ಮಾಡಿ ತೋರಿಸುತ್ತಾರೆ. ಆರಡಿ ಅಗಲದ ತಗಡಿನ ಡಬ್ಬಿ ಅದು. ಒಳಗೆ ಲಾಲಪ್ಪ ಕೂತರೆ ಗಿರಾಕಿಯ ಮೊಣಕಾಲು ಬಿಸಿಲಿನಲ್ಲಿರಬೇಕು, ಅಷ್ಟೇ ಜಾಗ. ಆದರೆ ಒಳಗಿನ ಶಿಸ್ತು ನೋಡಬೇಕು! ತೊಗಲು ಕೊಯ್ಯುವ ಅಗಲ ಬಾಯಿಯ ರಂಪಿಗೆ ಒಂದು ಕಡೆ, ತೂತು ಹಾಕುವ ಆರಿಗಳು ದಪ್ಪದ್ದರಿಂದ ಸಣ್ಣದ್ದರವರೆಗೆ ಸಾಲಾಗಿ ಇನ್ನೊಂದು ಕಡೆ, ಮೇಣದ ಉಂಡೆ, ನೈಲಾನ್ ದಾರ, ಅಂಟಿಸುವ ಸಲೂಷನ್ ಡಬ್ಬಿ, ನಡುವೆ ಚಪ್ಪಲಿಯನ್ನು ಬೋರಲು ಹಾಕಿ ಬಡಿಯುವ ಮೂರು ಪಾದದ ಕಬ್ಬಿಣ. ಕಣ್ಣು ಕಟ್ಟಿ ಕೂಡಿಸಿದರೂ ಯಾವ ಹತಾರ ಎಲ್ಲಿದೆ ಎಂದು ಅವನ ಕೈ ಹೇಳುತ್ತದೆ. ಬಾಯಿಯೂ ಹೇಳುತ್ತದೆ. ಲಾಲಪ್ಪನ ಬಾಯಿ ರಂಪಿಗೆಗಿಂತ ಹರಿತ, ಅದಕ್ಕೆ ಸಾಣೆ ಹಿಡಿಯುವ ಖರ್ಚೂ ಇಲ್ಲ.

ಅವನ ಅಪ್ಪ ತಮ್ಮಣ್ಣ ಶಹಾಬಾದದಲ್ಲಿ ಬೇವಿನ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುತ್ತಿದ್ದವನು. ಜನ ಎರಡು ಮಾರು ದೂರದಿಂದ ಚಪ್ಪಲಿ ಬಿಸಾಡಿ, ಕೆಲಸ ಮುಗಿದ ಮೇಲೆ ನಾಣ್ಯವನ್ನೂ ಮೇಲಿನಿಂದಲೇ ಬಿಡುತ್ತಿದ್ದರು. ಅಪ್ಪ ಅದನ್ನು ಮಣ್ಣಿನಿಂದ ಹೆಕ್ಕುವುದನ್ನು ನೋಡುತ್ತಲೇ ಲಾಲಪ್ಪ ಬೆಳೆದ. ಇಪ್ಪತ್ತನೆಯ ವಯಸ್ಸಿಗೆ ವಾಡಿಗೆ ಬಂದು ಸಿಮೆಂಟ್ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಗೋಣಿಚೀಲ ಹಾಸಿದ. ಕೂಲಿಕಾರರ ಬೂಟುಗಳು ಆರು ತಿಂಗಳಿಗೇ ಯಾಕೆ ಬಾಯಿ ಬಿಡುತ್ತವೆ ಎಂದು ಮೊದಲು ಕಂಡುಹಿಡಿದವನು ಅವನೇ. ಸಿಮೆಂಟಿನ ಪುಡಿ ತೊಗಲಿನ ಎಣ್ಣೆಯನ್ನೆಲ್ಲ ಹೀರುತ್ತದೆ, ಹತ್ತಿಯ ದಾರವನ್ನು ತಿನ್ನುತ್ತದೆ. ಅವನು ನೈಲಾನ್ ದಾರಕ್ಕೆ ಮೇಣ ತಿಕ್ಕಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಸೂಜಿ ತೂರಿಸಿ ಹೊಲಿದ. ಒಂದು ದಾರ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತಿತ್ತು. ಮೇಲೆ ಔಡಲ ಎಣ್ಣೆ. ಎರಡು ವರ್ಷ ಬಾಳಿಕೆ ಬಂದ ಬೂಟು ತಂದು ಜನ ಅವನಿಗೇ ತೋರಿಸಿ ನಗುತ್ತಿದ್ದರು.

ಆದರೂ ಅವನು ಚಪ್ಪಲಿ ಹೊಲಿಯುವವನೇ. "ಏ ಲಾಲ್ಯಾ" ಎಂದೇ ಕರೆಯುತ್ತಿದ್ದರು. "ಲಾಲಪ್ಪ ಕಾಕಾ, ಬರ್ರಿ, ಕುಂದ್ರಿ" ಎಂಬ ಕಾಲ ಬಂದದ್ದು ಎಂಟು ವರ್ಷದ ಹಿಂದೆ. ಮಗಳು ಲುಂಬಿನಿ ಕಲಬುರಗಿಯಲ್ಲಿ ನರ್ಸು. ಅವಳೇ ಅಪ್ಪನನ್ನು ಒಂದು ತರಬೇತಿಗೆ ಸೇರಿಸಿದಳು: ಸಕ್ಕರೆ ಕಾಯಿಲೆಯವರಿಗೆ ಚಪ್ಪಲಿ ಮಾಡುವುದು. ಹದಿನೈದು ದಿನ. ಮೊದಲ ದಿನವೇ ಕಲಿಸುವವರು ಹೇಳಿದ ಮಾತು ಲಾಲಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಸಕ್ಕರೆ ಹೆಚ್ಚಾದವರ ಅಂಗಾಲು ಜಡ್ಡಾಗಿ ಹೋಗಿರುತ್ತದೆ, ಮುಳ್ಳು ಚುಚ್ಚಿದರೂ ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಅವರ ಚಪ್ಪಲಿಗೆ ಮೆತ್ತನೆಯ ರಬ್ಬರು, ಸಲೂಷನ್, ಹೊಲಿಗೆ, ಇಷ್ಟೇ. ಮೊಳೆ ಬೇಡ. ಯಾವ ಕಾರಣಕ್ಕೂ ಬೇಡ.

ಅದನ್ನು ಅವನು ಮಂತ್ರದ ಹಾಗೆ ಹಿಡಿದ. ಅಂಗಡಿಯ ಮೇಲೆ ಬೋರ್ಡು ಬಂತು. ಚಿತ್ತಾಪುರದಿಂದ, ಚಿಂಚೋಳಿಯಿಂದ ಕೂಡ ಜನ ಬಂದರು. ಬಂದವರನ್ನು ಸ್ಟೂಲಿನ ಮೇಲೆ ಕೂಡಿಸಿ, ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಅಂಗಾಲನ್ನೆಲ್ಲ ಒತ್ತಿ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಚರ್ಮ ತೆಳುವಾಗಿದೆ ಎಂದು ನೋಡುತ್ತಿದ್ದ. ಆಮೇಲೆ ಹಾಳೆಯ ಮೇಲೆ ಕಾಲಿಡಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯುತ್ತಿದ್ದ. ಅಪ್ಪನ ಹತ್ತಿರ ಚಪ್ಪಲಿ ಬಿಸಾಡಿದವರ ಮಕ್ಕಳು, ಸೊಸೆಯಂದಿರು ಈಗ ತಮ್ಮ ಕಾಲನ್ನು ಅವನ ಕೈಯಲ್ಲಿ ಕೊಟ್ಟು "ನೋಡ್ರಿ ಕಾಕಾ" ಅನ್ನುತ್ತಿದ್ದರು. ಆ ಒಂದು ಮಾತು ಅವನಿಗೆ ಹೊಟ್ಟೆ ತುಂಬ ಉಂಡಷ್ಟು. ಕೇಳಿದವರಿಗೂ ಕೇಳದವರಿಗೂ ಸಾರುತ್ತಿದ್ದ: "ನಾ ಮಾಡಿದ್ದ ಜೋಡಿನಾಗ ಒಂದ ಮೊಳಿ ತೋರಸ್ರಿ, ಅವತ್ತೇ ರಂಪಿಗಿ ಕೆಳಗಿಡ್ತೀನಿ!" ಬಾಯಿಗೆ ಬೀಗ ಇಲ್ಲದವನು ಆಣೆ ಹಾಕಬಾರದು. ಅದನ್ನು ಯಾರು ಹೇಳಬೇಕು ಇವನಿಗೆ?

ರಾವೂರಿನ ಚಂದಮ್ಮ ಬಂದದ್ದು ಹೋದ ದೀಪಾವಳಿಯ ಆಚೀಚೆ. ಅರವತ್ತರ ಹೆಂಗಸು, ಗಂಡ ಇಲ್ಲ, ಮಗ ಅಣವೀರ ಕಲ್ಲಿನ ಗಣಿಯಲ್ಲಿ ಲಾರಿ ತುಂಬಿಸುವ ಕೆಲಸಕ್ಕೆ ಹೋಗುತ್ತಾನೆ. ಮೊದಲ ದಿನ ಅವಳು ಕಾಲು ಕೊಡಲು ಭಾರಿ ಸಂಕೋಚ ಮಾಡಿದಳು. "ಬ್ಯಾಡಣ್ಣಾ, ನನ್ನ ಕಾಲು ಭಾಳ ಹೊಲಸಾಗ್ಯಾವ," ಎಂದು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡಳು. ಲಾಲಪ್ಪ ನಕ್ಕು, "ಯಕ್ಕಾ, ನಾ ಕಾಲು ನೋಡಿದಷ್ಟು ಮಂದಿ ಮಾರಿ ಸೈತ ನೋಡಿಲ್ಲ. ಕೊಡ್ರಿ ಇಲ್ಲಿ," ಎಂದ. ಎಂಟು ದಿನಕ್ಕೆ ಜೋಡು ತಯಾರಾಯಿತು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಚಂದಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. ಮಲಗುವ ಹೊತ್ತು ಬಿಟ್ಟು ಬೇರೆ ಹೊತ್ತು ಕಾಲಿನಿಂದ ತೆಗೆಯಬೇಡಿ, ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ ಎಂದು ಅವನು ಮೂರು ಸಲ ಹೇಳಿದ. ಅವಳು ಮೂರು ಸಲವೂ ತಲೆಯಾಡಿಸಿದಳು.

ಇನ್ನು ಆ ದಿನದ ಮಾತಿಗೆ ಬರೋಣ. ಬರಲೇಬೇಕು.

ಸೇಡಮ್ಮಿನಲ್ಲಿ ಒಂದು ಸಂಘದವರು ಸಕ್ಕರೆ ತಪಾಸಣೆಯ ಶಿಬಿರ ಇಟ್ಟಿದ್ದರು. ಮೊಳೆ ಇಲ್ಲದ ಚಪ್ಪಲಿಯ ಲಾಲಪ್ಪನಿಗೆ ಅಲ್ಲಿ ಸನ್ಮಾನ. ಜೀವಮಾನದಲ್ಲಿ ಅವನಿಗೆ ಯಾರೂ ಶಾಲು ಹೊದಿಸಿದವರಿಲ್ಲ. ಹೆಂಡತಿ ಅನಸುಬಾಯಿ ಬೆಳಿಗ್ಗೆಯೇ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ತಂದಿದ್ದಳು. ಅಂಗಿ ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಅಂಗಡಿಯ ಬಾಗಿಲಿಗೆ ಬೀಗ ಹಾಕಲು ನಿಂತಿದ್ದಾಗ ಚಂದಮ್ಮ ಬಂದಳು. ಬಲಗಾಲಿನ ಚಪ್ಪಲಿಯ ಪಟ್ಟಿ ಕಿರುಬೆರಳಿನ ಕಡೆ ಅಟ್ಟೆಯಿಂದ ಕಿತ್ತು ಬಂದಿತ್ತು. ರೈಲಿಗೆ ಇಪ್ಪತ್ತು ನಿಮಿಷ ಇತ್ತು.

"ಅಣ್ಣಾ, ಇದು ಜರಾ ಹಚ್ಚಿಕೊಡು."

"ಯಕ್ಕಾ, ಇವತ್ತ ಆಗಲ್ಲ. ನಾ ಸೇಡಮ್ಮಿಗಿ ಹೊಂಟೀನಿ. ನಾಡದ ಬರ್ರಿ."

"ನಾಡದ ಬರ್ತೀನಿ ಖರೇ. ಇವತ್ತ ಊರಿಗಿ ಹ್ಯಾಂಗ ಹೋಗ್ಲಿ? ಬರಿಗಾಲಾಗ ಒಂದ ಹೆಜ್ಜಿ ಇಡಬ್ಯಾಡ ಅಂತ ನೀನೇ ಅಂದೀದಿಲ್ಲ?"

ಸರಿಯಾಗಿ ಮಾಡಬೇಕೆಂದರೆ ಅಟ್ಟೆಯ ಎರಡು ಪದರನ್ನು ರಂಪಿಗೆಯಿಂದ ಬಿಡಿಸಬೇಕು. ಹಳೆಯ ಸಲೂಷನ್ನನ್ನು ಎಮರಿ ಕಾಗದದಲ್ಲಿ ಉಜ್ಜಬೇಕು, ಎರಡೂ ಮುಖಕ್ಕೆ ಹೊಸದು ಹಚ್ಚಿ ಬೆರಳಿಗೆ ಅಂಟದಷ್ಟು ಒಣಗಿಸಬೇಕು, ಪಟ್ಟಿಯ ತುದಿ ನಡುವೆ ಇಟ್ಟು ಒತ್ತಬೇಕು, ಆಮೇಲೆ ಹೊಲಿಗೆ. ಒಂದು ತಾಸಿನ ಕೆಲಸ. ಹೇಳಬಾರದು, ಆದರೂ ಹೇಳುತ್ತೇನೆ: ಇಂಥ ಹೊತ್ತಿಗೆಂದೇ ಗಿರಾಕಿಗೆ ಕೊಟ್ಟು ಕಳಿಸಲು ಒಂದು ಮೆತ್ತನೆಯ ಬದಲಿ ಜೋಡು ಅಂಗಡಿಯಲ್ಲಿ ಇತ್ತು. ತೊಗಲಿನ ಚೂರುಗಳ ಗಂಟಿನ ಕೆಳಗೆ. ಅದನ್ನು ಎಳೆದು ತೆಗೆದರೆ ಬಿಳಿ ಅಂಗಿ ಮಸಿಯಾಗುತ್ತಿತ್ತು. ಅಂಗಿಯ ಸಲುವಾಗಿ ಲಾಲಪ್ಪ ಆ ಗಂಟಿಗೆ ಕೈ ಹಾಕಲಿಲ್ಲ.

ಪಟ್ಟಿಯ ತುದಿಯನ್ನು ಸಂದಿಗೆ ತುರುಕಿದ. ಬೂಟಿನ ಕೆಲಸಕ್ಕೆ ಇಟ್ಟಿದ್ದ ಡಬ್ಬಿಯಿಂದ ಮುಕ್ಕಾಲು ಇಂಚಿನ ಒಂದು ಮೊಳೆ ತೆಗೆದ. ಚಪ್ಪಲಿಯನ್ನು ಕಬ್ಬಿಣದ ಪಾದಕ್ಕೆ ಬೋರಲು ಹಾಕಿ ಕೆಳಗಿನಿಂದ ಹೊಡೆದ. ತೊಗಲಿನ ಗಟ್ಟಿ ಅಟ್ಟೆಯಾದರೆ ಮೊಳೆಯ ಚೂಪು ಒಳಗೆ ಹೋಗಿ, ಕಬ್ಬಿಣಕ್ಕೆ ಬಡಿದು, ಮಡಚಿ ಕೂತುಬಿಡುತ್ತದೆ. ಮೂವತ್ತು ವರ್ಷದ ಕೈಗೆ ಗೊತ್ತಿದ್ದದ್ದು ಅದು. ಮೆತ್ತನೆಯ ರಬ್ಬರಿನಲ್ಲಿ ಚೂಪು ಮಡಚುವುದಿಲ್ಲ. ರಬ್ಬರು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಅವನು ಒಳಗೆ ಬೆರಳಾಡಿಸಿದ. ನುಣ್ಣಗಿತ್ತು. ಚಂದಮ್ಮ ದುಡ್ಡು ತೆಗೆಯಲು ಹೋದಾಗ, "ಬ್ಯಾಡ ಬ್ಯಾಡ, ಹೋಗ್ರಿ. ನಾಡದ ಬರ್ರಿ, ಪಕ್ಕಾ ಹೊಲದು ಕೊಡ್ತೀನಿ," ಎಂದ. ಮೊಳೆ ಹೊಡೆದಿದ್ದೇನೆ ಎಂದು ಹೇಳಲಿಲ್ಲ. ಆ ಶಬ್ದವೇ ಅವನ ಬಾಯಿಂದ ಹೊರಡಲಿಲ್ಲ, ಅಷ್ಟು ವಾಚಾಳಿಯ ಬಾಯಿಂದ.

ಸೇಡಮ್ಮಿನಲ್ಲಿ ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಮೈಕು ಕೈಗೆ ಕೊಟ್ಟರು. ರೂಢಿಯ ಮಾತು ತಾನಾಗಿಯೇ ಬಾಯಿಗೆ ಬಂತು: "ನಾ ಮಾಡಿದ್ದ ಜೋಡಿನಾಗ ಒಂದ ಮೊಳಿ ತೋರಸ್ರಿ..." ಅರ್ಧಕ್ಕೇ ಮೈಕನ್ನು ಪಕ್ಕದವರ ಕೈಗೆ ಕೊಟ್ಟುಬಿಟ್ಟ. ಜನ ಭಾವುಕನಾದ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಶಾಲಿನ ಒಳಗೆ ಅವನ ಬೆನ್ನು ಬೆವರುತ್ತಿತ್ತು.

ನಾಡಿದ್ದು ಚಂದಮ್ಮ ಬರಲಿಲ್ಲ. ಬರುವುದೇಕೆ? ಪಟ್ಟಿ ಗಟ್ಟಿಯಾಗಿತ್ತು. ಕಾಲಿನ ಗೆರೆ ಎಳೆದ ಹಾಳೆಯ ಮೇಲೆ ಅವಳ ಮಗನ ಫೋನ್ ನಂಬರು ಇತ್ತು. ಲಾಲಪ್ಪ ಎರಡು ಸಲ ಆ ಹಾಳೆ ತೆಗೆದ. ಫೋನ್ ಮಾಡಿದರೆ ಯಾಕೆ ಕರೆಯುತ್ತಿದ್ದೀರಿ ಎನ್ನುತ್ತಾರೆ. ಮೊಳೆ ಅನ್ನಬೇಕಾಗುತ್ತದೆ. ಎಂಟು ವರ್ಷ ಕಾಕಾ, ಕಾಕಾ ಎಂದವರು ಒಂದೇ ದಿನದಲ್ಲಿ "ಇವ್ರ ಮಂದಿನೇ ಹಿಂಗ" ಎಂದುಬಿಡುತ್ತಾರೆ. ತನ್ನೊಬ್ಬನ ತಪ್ಪನ್ನು ಸತ್ತ ಅಪ್ಪನ ತಲೆಗೂ ಕಟ್ಟುತ್ತಾರೆ, ಓದಿದ ಮಗಳ ತಲೆಗೂ ಕಟ್ಟುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿ ಹಾಳೆಯನ್ನು ಮತ್ತೆ ಒಳಗಿಟ್ಟ. ಅವನ ಭಯ ಸುಳ್ಳಲ್ಲ, ಈ ಊರುಗಳನ್ನು ಬಲ್ಲವರಿಗೆ ಗೊತ್ತು. ಆದರೆ ಚಂದಮ್ಮನ ಕಾಲೂ ಸುಳ್ಳಲ್ಲವಲ್ಲ!

ಎರಡು ತಿಂಗಳ ಮೇಲೆ ರಾವೂರಿನ ಆಟೋದ ಚಂದ್ರಾಮ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕೂತವನು ಮಾತಿಗೆ ಮಾತು ತೆಗೆದು ಹೇಳಿದ: "ನಿಮ್ಮ ಗಿರಾಕಿ ಚಂದಮ್ಮಂದು ಎರಡ ಬಳ್ಳ ತಗದ್ರಲ್ರಿ ಕಾಕಾ, ಕಲಬುರಗಿ ದವಾಖಾನ್ಯಾಗ. ಕಿರಬಳ್ಳ, ಅದರ ಬಾಜೂದು. ಏನೋ ಚುಚ್ಚಿ ಕೀವಾಗಿತ್ತಂತ, ಮುದುಕಿಗಿ ಖಬರೇ ಇಲ್ಲ."

ಕಿರುಬೆರಳು. ಲಾಲಪ್ಪನ ಕೈಯ ಬ್ರಶ್ ನಿಂತಿತು. "ಯಾವ ಕಾಲು?" ಎಂದು ಕೇಳಿದ. ಬಲಗಾಲು ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಮರುದಿನ ಬಾಳೆಹಣ್ಣು ಬೇಡ, ಸಕ್ಕರೆಯವಳು ಎಂದು ಸೌತೆಕಾಯಿ, ಬ್ರೆಡ್ಡು ತೆಗೆದುಕೊಂಡು ರಾವೂರಿಗೆ ಹೋದ. ನೋಡಿಕೊಂಡು ಬರುವ ನೆಪ. ಮನಸ್ಸಿನಲ್ಲಿ ಹರಕೆ ಹೊತ್ತಂತೆ ಒಂದೇ ಬೇಡಿಕೆ ಇತ್ತು: ಮೊಳೆಯಿಂದ ಆಗಿರಬಾರದು. ಚಂದಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ದಪ್ಪ ಪಟ್ಟಿ ಕಟ್ಟಿದ್ದರು. ಅವಳಿಗಿಂತ ಮೊದಲು ಮಗ ಅಣವೀರ ಮಾತಾಡಿದ.

"ನೋಡ್ರಿ ಕಾಕಾ, ನೀವು ಅಷ್ಟು ಛಲೋ ಜೋಡು ಮಾಡಿಕೊಟ್ರಿ. ಹಾಕ್ಕೊಂಡಿದ್ರ ಹಿಂಗಾಗ್ತಿತ್ತೇನ್ರಿ? ಬರಿಗಾಲಾಗ ಹಿತ್ತಲಕ್ಕ ಹೋಗಿ ಮುಳ್ಳ ತುಳದಾಳ. ಕೇಳಿದ್ರ ಹೋಗಿಲ್ಲ, ಹೋಗಿಲ್ಲ ಅಂತ ಸುಳ್ಳ ಹೇಳ್ತಾಳ!"

"ನಾ ಹೋಗಿಲ್ಲೋ ತಮ್ಮಾ," ಎಂದಳು ಚಂದಮ್ಮ ಮೆಲ್ಲಗೆ.

"ಹಂಗಾದ್ರ ಮುಳ್ಳ ಹಾರಿ ಬಂತೇನ?" ಸೊಸೆ ಚಂದ್ರಕಲಾ ಒಲೆಯ ಮುಂದಿನಿಂದ ಕೂಗಿದಳು. ಅವಳದು ಕೆಟ್ಟ ಮನಸ್ಸಲ್ಲ, ಒಂದು ತಿಂಗಳು ದವಾಖಾನೆಗೆ ಅಡ್ಡಾಡಿ ಸೋತ ಸಿಟ್ಟು. ಈಗ ಮುದುಕಿಯನ್ನು ಒಬ್ಬಳನ್ನೇ ಬಿಡುವುದಿಲ್ಲ, ಹಿತ್ತಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ ಎಂದು ಅವಳು ಹೆಮ್ಮೆಯಿಂದಲೇ ಹೇಳಿದಳು. ಚಂದಮ್ಮ ಲಾಲಪ್ಪನ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದ ಹಾಗೆ, "ಖರೇ ಹೇಳ್ತೀನಿ ಅಣ್ಣಾ, ನನಗೇನೂ ನೆಪ್ಪಿಲ್ಲ. ಹೋಗಿದ್ನೇನೋ. ಹಿಂಗ ನೆಪ್ಪ ಹಾರಾಕತ್ತಿದ್ರ ನಾಳಿ ನಾ ಯಾರು ಅಂಬೋದೂ ಮರೀತೀನೇನೋ," ಎಂದಳು. ಅವಳ ಗದ್ದ ನಡುಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಚಪ್ಪಲಿಯನ್ನು ಗೋಡೆಯ ಗೂಡಿನಲ್ಲಿ ದೇವರ ಹಾಗೆ ಒರೆಸಿ ಇಟ್ಟಿದ್ದರು. ಲಾಲಪ್ಪ ಎದ್ದು ಹೋಗಿ ಬಲಗಾಲಿನದನ್ನು ಕೈಗೆ ತೆಗೆದುಕೊಂಡ. ಒಳಗೆ ಬೆರಳಾಡಿಸಿದ. ನುಣ್ಣಗೇ ಇತ್ತು. ಒಂದು ಗಳಿಗೆ ಅವನ ಎದೆ ಹಗುರಾಯಿತು. ಆಮೇಲೆ, ಕಾಲಿನ ಭಾರ ಬೀಳುವ ಹಾಗೆ, ಕಿರುಬೆರಳಿನ ಬುಡದ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. ಚುಚ್ಚಿತು. ಕೈ ತೆಗೆದರೆ ಚೂಪು ಮತ್ತೆ ರಬ್ಬರಿನೊಳಗೆ ಮಾಯ. ಹೆಬ್ಬೆರಳಿನ ಮೇಲೆ ಸಾಸಿವೆಯಷ್ಟು ರಕ್ತ ನಿಂತಿತ್ತು. ಅವಳು ಹೀಗೆ ಎಷ್ಟು ಹೆಜ್ಜೆ ನಡೆದಿರಬೇಕು, ನೀರಿಗೆ, ಅಂಗಡಿಗೆ, ಪಕ್ಕದ ಮನೆಗೆ, ತನ್ನ ಮಾತನ್ನು ನಂಬಿ!

ಆಗಲಾದರೂ ಹೇಳಬೇಕಿತ್ತು. ಲಾಲಪ್ಪ ಏನು ಮಾಡಿದ ಗೊತ್ತೆ? "ಹೊಲಗಿ ಸಡ್ಲಾಗ್ಯಾದ. ಒಯ್ದು ಛಲೋ ಮಾಡಿ ತರ್ತೀನಿ," ಎಂದು ಆ ಒಂದು ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ಕಳ್ಳ ಕೂಡ ಅಷ್ಟು ಸಲೀಸಾಗಿ ಏಳಲಿಕ್ಕಿಲ್ಲ. ಅಣವೀರ ಬಾಗಿಲವರೆಗೆ ಬಂದು ಕೈಮುಗಿದ. "ನಿಮ್ಮ ಉಪಕಾರ ಭಾಳ ಆಯ್ತು ಕಾಕಾ," ಎಂದ. ಆ ಕೈಮುಗಿದದ್ದು ಲಾಲಪ್ಪನಿಗೆ ಕಪಾಳಕ್ಕೆ ಬಿದ್ದಂತೆ ಆಯಿತು. ಆಟೋ ಹತ್ತದೆ ಬಿಸಿಲಲ್ಲಿ ವಾಡಿಯವರೆಗೆ ನಡೆದೇ ಬಂದ.

ಮನೆಯಲ್ಲಿ ಕದ ಮುಂದೆ ಮಾಡಿಕೊಂಡು ಇಕ್ಕಳದಿಂದ ಮೊಳೆ ಕಿತ್ತ. ಅನಸುಬಾಯಿ ಹಿಂದಿನಿಂದ ಬಂದು ನಿಂತದ್ದು ಗೊತ್ತಾಗಲಿಲ್ಲ. ಮದುವೆಯಾದಾಗಿನಿಂದ ದಾರ ಹೊಸೆದು ಮೇಣ ತಿಕ್ಕಿಕೊಡುವವಳು ಅವಳು, ಕಸುಬು ಅವಳಿಗೂ ಗೊತ್ತು.

"ಇದು ಚಂದಮ್ಮನ ಜೋಡಲ್ಲೇನ್ರಿ? ಇದ್ರಾಗ ಮೊಳಿ ಯಾರು ಹೊಡದಾರ?"

"ಶಹಾಬಾದದಾಗ ಯಾವನೋ ಹೊಡದಿರಬೇಕು," ಎಂದ ಲಾಲಪ್ಪ. ಅಪ್ಪ ಕೂತಿದ್ದ ಊರು. ಕಾಣದ ಇನ್ನೊಬ್ಬ ಬಡವನ ಮೇಲೆ ಹಾಕಿಬಿಟ್ಟ.

ಅನಸುಬಾಯಿ ಮೊಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದಳು. ಲಾಲಪ್ಪ ಮೊಳೆಗೆ ಎರಡು ಏಟು ನೇರ ಕೊಟ್ಟು, ಮೂರನೆಯದನ್ನು ಓರೆಯಾಗಿ ಕೊಡುತ್ತಾನೆ. ಮೊಳೆಯ ತಲೆ ಒಂದು ಕಡೆ ಚಪ್ಪಟೆಯಾಗುತ್ತದೆ. "ಮೂವತ್ತು ವರ್ಷ ನಿಮ್ಮ ಮೊಳಿ ಕಸದಾಗಿಂದ ಆರ್ಸೀನ್ರಿ ನಾನು," ಎಂದಳು. "ಇದು ನಿಮ್ಮ ಕೈನೇ ಅದ."

ಅವನು ಗೋಡೆಯ ಕಡೆ ತಿರುಗಿ ಕೂತುಬಿಟ್ಟ. ಗೋಡೆಗೇ ಹೇಳುವಂತೆ ಎಲ್ಲವನ್ನೂ ಹೇಳಿದ: ಅಂಗಿ, ರೈಲು, ಬದಲಿ ಜೋಡು, ಮೈಕು, ಕೊನೆಗೆ ಮುದುಕಿಯ ನಡುಗುವ ಗದ್ದ. "ನನಗ ನಾಚಿಕಿ ಆಗ್ಯಾದ ಅನಸು. ಸಾಯೋ ಅಷ್ಟು ನಾಚಿಕಿ ಆಗ್ಯಾದ," ಎಂದ.

"ನಿಮ್ಮ ನಾಚಿಕಿ ನೀವು ಇಟ್ಟುಕೊಳ್ರಿ," ಎಂದಳು ಅನಸುಬಾಯಿ. ಬೈಗುಳದ ದನಿ ಇರಲಿಲ್ಲ, ದಣಿದಿದ್ದಳು. "ಆಕಿ ತನಗ ಹುಚ್ಚ ಹಿಡದಾದ ಅಂತ ತಿಳ್ಕೊಂಡು ಕುಂತಾಳಲ್ಲ, ಅದಕ್ಕೇನ್ ಮಾಡ್ತೀರಿ? ಬಳ್ಳಂತೂ ಬರಲ್ಲ. ಆಕಿ ಮಾತಾದ್ರೂ ಆಕಿಗಿ ತಿರಗಿ ಕೊಡ್ರಿ."

ಮುಂಜಾನೆ ಅಣವೀರ ಗಣಿಗೆ ಹೊರಡುವ ಮೊದಲೇ ಸಿಗಬೇಕೆಂದು ಲಾಲಪ್ಪ ಮೊದಲ ಆಟೋ ಹಿಡಿದ. ಬ್ರೆಡ್ಡು ತರಲಿಲ್ಲ, ಹಣ್ಣು ತರಲಿಲ್ಲ. ಅಂಗಳದಲ್ಲಿ ಕಟ್ಟೆಯ ಮೇಲೆ ಚಂದಮ್ಮ ಬಿಸಿಲಿಗೆ ಕೂತಿದ್ದಳು, ಅಣವೀರ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. "ಕುಂದ್ರಿ ಕಾಕಾ," ಎಂದ. ಲಾಲಪ್ಪ ಕೂರಲಿಲ್ಲ. ಕಾಗದದ ಪೊಟ್ಟಣ ಬಿಚ್ಚಿ ಮೊಳೆಯನ್ನು ಕಟ್ಟೆಯ ಮೇಲೆ ಇಟ್ಟ.

"ಅಣವೀರಾ, ನಿಮ್ಮವ್ವ ಮುಳ್ಳ ತುಳದಿಲ್ಲಪ್ಪಾ. ಇದು ಆಕಿ ಜೋಡಿನಾಗಿತ್ತು. ನಾ ಹೊಡದಿದ್ದೆ. ಅವತ್ತ ಸೇಡಮ್ಮಿಗಿ ರೈಲಿನ ಟೈಮಾಗಿತ್ತು, ಅವಸರದಾಗ... ಕೈಯಾಡಿಸಿ ನೋಡಿದ್ದೆ, ನುಣ್ಣಗಿತ್ತು. ನಾಡದ ಬರ್ರಿ ಅಂದಿದ್ದೆ, ಅಕ್ಕ ಬರ್ಲಿಲ್ಲ..."

ಮಾತು ಮುಗಿಯುವ ಮೊದಲೇ ಅಣವೀರನ ಕೈ ಅವನ ಅಂಗಿಯ ಕೊರಳಪಟ್ಟಿಗೆ ಬಂದಿತ್ತು. "ಏನಂದ್ರಿ?" ಎಂದ. ಗಣಿಯಲ್ಲಿ ಕಲ್ಲು ಎತ್ತುವ ಕೈ ಅದು. ಲಾಲಪ್ಪ ಕಣ್ಣು ಮುಚ್ಚಿ ನಿಂತ. ಹೊಡೆದರೆ ಹೊಡೆಯಲಿ, ಅದಾದರೂ ಮುಗಿಯುತ್ತದೆ ಎಂದುಕೊಂಡ.

"ಏ ಅಣವೀರ್ಯಾ, ಕೈ ಬಿಡು!" ಚಂದಮ್ಮನ ಗಂಟಲು ಈಗ ಬೇರೆಯೇ ಆಗಿತ್ತು. ತಿಂಗಳಿನಿಂದ ಮೆಲ್ಲಗೆ ಮಾತಾಡುತ್ತಿದ್ದವಳು ಅವಳೇನಾ ಎನ್ನುವಂತೆ ಕೂಗಿದಳು. "ಹೊಡದು ಬಾಯಿ ಮುಚ್ಚಿಸಬ್ಯಾಡ. ಅಂವ ಏನಂದ, ಮದಲ ಅದು ಕೇಳು. ನಾ ಬರಿಗಾಲಾಗ ಹೋಗಿದ್ದಿಲ್ಲ. ಕೇಳಿದೇನ? ನಾ ಹೋಗಿದ್ದಿಲ್ಲ!"

ಮಗನ ಕೈ ಸಡಿಲಾಯಿತು. ಅವನು ಅವ್ವನ ಮುಖ ನೋಡಿದ, ನೋಡಲಾರದೆ ನೆಲ ನೋಡಿದ. ಚಂದಮ್ಮ ಅತ್ತಳು, ಅಳುತ್ತಲೇ ನಕ್ಕಳು, "ನನಗೇನೂ ಆಗಿಲ್ಲ, ನನ್ನ ತೆಲಿ ನೆಟ್ಟಗೇ ಅದ," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮನೆಯೊಳಕ್ಕೆ ಕೂಗಿದಳು: "ಚಂದ್ರಕಲಾ, ಹೊರಗ ಬಾ. ಅಣ್ಣಾ, ಇಕಿ ಕೇಳಿಲ್ಲ. ಇಕಿ ಮುಂದ ಇನ್ನೊಮ್ಮಿ ಹೇಳು."

ಲಾಲಪ್ಪ ಹೇಳಿದ. ಈ ಸಲ ಅಕ್ಕ ಬರಲಿಲ್ಲ ಎಂಬ ಮಾತು ಬಾಯಿಗೆ ಬಂದು, ಅವಳ ಪಟ್ಟಿ ಕಟ್ಟಿದ ಕಾಲು ಕಂಡು, ವಾಪಸು ಹೋಯಿತು. ಸೊಸೆಯ ಕೈ ಸೊಂಟದ ಕೀಲಿಯ ಮೇಲೆ ಹೋಗಿ ನಿಂತಿತು.

ಎದುರು ಮನೆಯ ಬಿಬಿಜಾನ್ ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದಳು. ಚಂದಮ್ಮ ಕೈ ಮಾಡಿ ಕರೆದಳು. "ಬಾ ಬಿಬಿಜಾನ್, ನೀನೂ ನನಗ ಅಂದೀದಿ, ಮುದುಕಿಗಿ ಬುದ್ಧಿ ಇಲ್ಲ ಅಂತ. ಕೇಳು ಬಾ. ಅಣ್ಣಾ, ಇನ್ನೊಮ್ಮಿ."

ಹಿಂದೆ ಹಾಲಿನವನು, ಪಕ್ಕದ ಮನೆಯ ಇಬ್ಬರು ಹೆಂಗಸರು, ಹಲ್ಲುಜ್ಜುತ್ತಿದ್ದ ಒಬ್ಬ ಮುದುಕ ಬಂದು ನಿಂತರು. ಲಾಲಪ್ಪ ಓಡಿಹೋಗಲು ಅಂಗಳದ ಬಾಗಿಲು ತೆರೆದೇ ಇತ್ತು. ಯಾರೂ ತಡೆಯುತ್ತಿರಲಿಲ್ಲ. ಬಾಯಿ ತೆರೆದಾಗ ಈ ಸಲ ರೈಲಿನ ಮಾತು ಬರಲಿಲ್ಲ, ಕೈಯಾಡಿಸಿ ನೋಡಿದ ಮಾತೂ ಬರಲಿಲ್ಲ.

"ಮೊಳಿ ಹೊಡದಾಂವ ನಾನು. ಹೊಡದದ್ದು ಗೊತ್ತಿದ್ದೂ ಹೇಳಲಾರದಾಂವ ನಾನು. ನಿನ್ನಿ ಇಲ್ಲಿಂದ ಜೋಡು ಕದ್ದು ಒಯ್ದಾಂವನೂ ನಾನೇ. ಅಕ್ಕಂದು ಏನೂ ತಪ್ಪಿಲ್ಲ."

ಬಿಬಿಜಾನ್ "ಯಾ ಅಲ್ಲಾ" ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಚಂದಮ್ಮ ಗೋಡೆಗೆ ಒರಗಿ, ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ತಿಂಗಳಿನಿಂದ ಬಾಗಿದ್ದ ಕತ್ತು ನೆಟ್ಟಗಾಗಿತ್ತು. "ಚಂದ್ರಕಲಾ, ನನಗೊಂದು ವಾಟಗಾ ಚಾ ಕೊಡು," ಎಂದಳು, ಮನೆಯ ಯಜಮಾನಿಯ ದನಿಯಲ್ಲಿ.

"ಅವ್ರಿಗಿ?" ಎಂದು ಸೊಸೆ ಲಾಲಪ್ಪನ ಕಡೆ ನೋಡಿದಳು.

"ಆಮ್ಯಾಲ ಕೊಡು," ಎಂದಳು ಚಂದಮ್ಮ. "ಮದಲ ಅಂವ ಹೇಳೋದು ಮುಗಸಲಿ. ಅಲ್ಲಿ ನೋಡು, ಓಣ್ಯಾಗ ಇನ್ನೂ ಮಂದಿ ಬರಾಕತ್ತಾರ."

ಲಾಲಪ್ಪ ಬಾಗಿಲ ಕಡೆ ತಿರುಗಿ ನಿಂತು, ಬಂದವರು ಹತ್ತಿರ ಬರುವವರೆಗೆ ಕಾದು, ನಾಲ್ಕನೆಯ ಸಲ ಶುರುಮಾಡಿದ.